ಅಜ್ಜಿಯ ಮುಖ ಬಂತು, ಅಜ್ಜಿ ಬರಲಿಲ್ಲ: ಗೆರೆ ಮತ್ತು ನೆರಳಿನ ಬಗ್ಗೆ ಒಂದು ಪ್ರಶ್ನೆ

ತುಂಗಾತೀರದ ಪೆನ್ಸಿಲ್:

ಎಲ್ಲರಿಗೂ ನಮಸ್ಕಾರ. ಶಾಲೆ ಮುಗಿದ ಮೇಲೆ ನಾನು ಡ್ರಾಯಿಂಗ್ ಪೆನ್ಸಿಲ್ ಮುಟ್ಟಿರಲಿಲ್ಲ. ಎರಡು ವರ್ಷದಿಂದ ಮತ್ತೆ ಚಿತ್ರ ಬಿಡಿಸುತ್ತಿದ್ದೇನೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಒಂದು ಗಂಟೆ ಸಿಗುತ್ತದೆ, ಅಷ್ಟರಲ್ಲೇ.

ಹೋದ ತಿಂಗಳು ಅಜ್ಜಿಯ ಒಂದು ಫೋಟೊ ಇಟ್ಟುಕೊಂಡು ಬಿಡಿಸಿದೆ. ಅಜ್ಜಿ ಹೋಗಿ ಮೂರು ವರ್ಷ ಆಯಿತು. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿರುವ ಫೋಟೊ, ಯಾರೋ ಫ್ಲ್ಯಾಶ್ ಹಾಕಿ ತೆಗೆದದ್ದು. ಹನ್ನೊಂದು ರಾತ್ರಿ ಕೂತೆ. ಒಂದೊಂದು ಸುಕ್ಕಿಗೂ ಶೇಡಿಂಗ್ ಮಾಡಿದೆ. ಬೆರಳಲ್ಲಿ ತಿಕ್ಕಿ ನುಣ್ಣಗೆ ಮಾಡಿದೆ. ನೋಡಿದವರೆಲ್ಲ ‘ಫೋಟೊ ಥರಾನೇ ಇದೆ’ ಅಂದರು. ಅಮ್ಮ ಮಾತ್ರ ತುಂಬಾ ಹೊತ್ತು ನೋಡಿ, ‘ಮುಖ ಅವರದ್ದೇ. ಅವರು ಮಾತ್ರ ಇಲ್ಲ ಕಣೆ’ ಅಂದರು.

ಅದೇ ಅಮ್ಮ, ನಾನು ಯಾವತ್ತೋ ದಿನಸಿ ಚೀಟಿಯ ಹಿಂದೆ ಗೀಚಿಟ್ಟ ಇನ್ನೊಂದನ್ನು ನೋಡಿ ಕಣ್ಣು ಒರೆಸಿಕೊಂಡರು. ಅದರಲ್ಲಿ ಮುಖವೇ ಇಲ್ಲ. ಬಾಗಿದ ಬೆನ್ನಿಗೆ ಒಂದು ಗೆರೆ, ಸೆರಗಿಗೆ ಎರಡು, ಮೊಣಕಾಲಿಗೆ ಒಂದು. ಎರಡೂ ಚಿತ್ರ ಇಲ್ಲಿ ಹಾಕಿದ್ದೇನೆ.

ನನಗೆ ಗೊತ್ತಾಗಬೇಕಾದ್ದು ಇಷ್ಟು. ಗೆರೆ ಏನು ಹೇಳುತ್ತದೆ? ನೆರಳು ಏನು ಹೇಳುತ್ತದೆ? ಅಷ್ಟೊಂದು ಶೇಡಿಂಗ್ ಮಾಡಿ ನಾನು ಕಳೆದುಕೊಂಡದ್ದು ಏನು?

ಇದ್ದಿಲು ಕಡ್ಡಿ:

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮಗಳ ವಯಸ್ಸಿನವಳು ಅಂದುಕೊಂಡು ನೀನು ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಎರಡೂ ಚಿತ್ರ ನೋಡಿದೆ. ಅಮ್ಮ ಹೇಳಿದ್ದು ಸರಿ. ಕೈ ಚೆನ್ನಾಗಿ ಪಳಗಿದೆ. ತಪ್ಪು ಆಗಿರುವುದು ಪೆನ್ಸಿಲ್ ಕಾಗದಕ್ಕೆ ತಾಗುವ ಮೊದಲೇ.

ನಿನ್ನ ಕೈಯನ್ನು ಕಿಟಕಿ ಹತ್ತಿರ ಹಿಡಿದು ನೋಡು. ಬೆರಳಿನ ಸುತ್ತ ಎಲ್ಲಾದರೂ ಕಪ್ಪು ಗೆರೆ ಕಾಣುತ್ತದಾ? ಬೆಳಕು ಬಿದ್ದ ಚರ್ಮ, ಅದರ ಹಿಂದೆ ಮಸುಕು ಗೋಡೆ. ಎರಡೂ ಕೂಡುವ ಒಂದು ಅಂಚು. ಅಷ್ಟೇ ಇರುವುದು. ಅಲ್ಲಿಗೆ ಗೆರೆ ಎಳೆಯುವವರು ನಾವು. ಹಾಗಾಗಿ ಗೆರೆ ಅಂದರೆ ನಾವು ಆಡುವ ಒಂದು ಮಾತು. ‘ಇಲ್ಲಿ ನೋಡಿ, ನನಗೆ ಇದು ಬೇಕು’ ಅಂತ ಹೇಳುವ ಮಾತು.

ನೆರಳಿನ ಕೆಲಸ ಬೇರೆ. ಟೋನ್ ಅಂತಾರಲ್ಲ, ನಮ್ಮ ಕ್ಲಾಸಿನಲ್ಲಿ ಅದನ್ನು ಛಾಯೆ ಅನ್ನುತ್ತಿದ್ದೆವು. ಅದು ಹೊತ್ತು ಹೇಳುತ್ತದೆ. ಬೆಳಗಿನ ಬಿಸಿಲೋ, ದೀಪ ಹಚ್ಚುವ ಹೊತ್ತೋ ಅಂತ. ಭಾರ ಹೇಳುತ್ತದೆ. ತುಂಬಿದ ಮೂಟೆಗೂ ಖಾಲಿ ಚೀಲಕ್ಕೂ ಹೊರಗೆರೆ ಒಂದೇ ಇರಬಹುದು, ಆದರೆ ನೆಲಕ್ಕೆ ತಾಗುವ ಕಡೆ ಕಪ್ಪು ಎಷ್ಟಿದೆ ಅನ್ನುವುದರಲ್ಲಿ ಭಾರ ಗೊತ್ತಾಗುತ್ತದೆ.

ಈಗ ನಿನ್ನ ದೊಡ್ಡ ಚಿತ್ರಕ್ಕೆ ಬರೋಣ. ಕಣ್ಣು ಅರ್ಧ ಮುಚ್ಚಿ ನೋಡು. ಏನೂ ಎದ್ದು ಬರುವುದಿಲ್ಲ. ಎಲ್ಲಾ ಒಂದೇ ಬೂದು. ಫ್ಲ್ಯಾಶ್ ಬೆಳಕು ಕ್ಯಾಮೆರಾ ಇದ್ದ ಕಡೆಯಿಂದಲೇ ಹೋಗಿ ಮುಖಕ್ಕೆ ನೇರ ಹೊಡೆದಿದೆ. ಕೆನ್ನೆಯ ನೆರಳು, ಮೂಗಿನ ನೆರಳು ಎಲ್ಲ ಅಳಿಸಿಹೋಗಿದೆ. ಉಳಿದಿರುವುದು ಬರೀ ಸುಕ್ಕು. ನೀನು ಆ ಸುಕ್ಕನ್ನೇ ಎಣಿಸಿ ಎಣಿಸಿ ಬಿಡಿಸಿದ್ದೀಯ. ಅತಿ ಕಪ್ಪು ಮೂರು ಕಡೆ ಇದೆ: ತಲೆಗೂದಲ ಬುಡ, ರವಿಕೆ, ಮೆಟ್ಟುಗತ್ತಿ. ಮೂರೂ ಒಟ್ಟಿಗೆ ಕೂಗುತ್ತಿವೆ. ಸುತ್ತಲಿನ ಹೊರಗೆರೆ ಒಂದೇ ದಪ್ಪ, ತಂತಿ ಕಟ್ಟಿದ ಹಾಗೆ.

ಇನ್ನು ಚೀಟಿಯ ಹಿಂದಿನದ್ದು. ಕುತ್ತಿಗೆ ಹತ್ತಿರ ಗೆರೆ ಒತ್ತಿ ಬಂದಿದೆ. ಬೆನ್ನಿನ ಮೇಲೆ ತೆಳ್ಳಗಾಗಿದೆ. ಸೊಂಟದ ಹತ್ತಿರ ಕಡಿದೇ ಹೋಗಿದೆ. ಆ ಕಡಿದ ಜಾಗವನ್ನು ನೋಡುವವರ ಕಣ್ಣು ತಾನೇ ಕೂಡಿಸಿಕೊಳ್ಳುತ್ತದೆ. ಅಮ್ಮನಿಗೆ ಆ ಬೆನ್ನು ಎಷ್ಟೋ ವರ್ಷದಿಂದ ಗೊತ್ತು. ಅವರು ಕೂಡಿಸಿಕೊಂಡರು.

ಕಡಲ ಕಡೆಯವನು:

ಮೇಷ್ಟ್ರೇ, ಕಡಿದ ಗೆರೆ ಅಂದಿರಲ್ಲ, ನಮ್ಮ ಕಡೆಯವರೇ ಆದ ಕಲಾವಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರ ನೆನಪಾಯಿತು. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಮುಂಬೈಯ ಜೆ. ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಓದಿದರು, ಆಮೇಲೆ ಪ್ಯಾರಿಸ್‌ನಲ್ಲೂ ಕಲಿತರು. ನನಗೆ ತುಂಬಾ ಇಷ್ಟವಾದ ವಿಷಯ ಏನು ಅಂದರೆ, ಲಯ ಅಂದರೇನು ಅಂತ ತಿಳಿಯುವುದಕ್ಕೆ ಅವರು ಕಥಕ್ ಕಲಿತಿದ್ದರು. ಬರೀ ಕೂತು ನೋಡಿದ್ದಲ್ಲ, ಕಾಲಲ್ಲಿ ಕಲಿತದ್ದು.

ಅವರ ನರ್ತಕಿಯರ ಚಿತ್ರ ನೋಡಿ. ಭುಜದಿಂದ ಹೊರಟ ಗೆರೆ ಮೊಣಕೈ ದಾಟಿ, ಬೆರಳ ತುದಿ ಮುಟ್ಟಿ, ಹಾಗೇ ಗಾಳಿಗೆ ಬಿಟ್ಟುಹೋಗುತ್ತದೆ. ಕುಪ್ಪಸಕ್ಕೆ ಬಣ್ಣ ಇಲ್ಲ, ಮುಖಕ್ಕೆ ನೆರಳಿಲ್ಲ. ತಾಳ ಮಾತ್ರ ಕೇಳುತ್ತದೆ. ನನ್ನನ್ನು ಕೇಳಿದರೆ ಗೆರೆ ಗಟ್ಟಿ ಇದ್ದವರಿಗೆ ಶೇಡಿಂಗ್ ಬೇಕಾಗಿಯೇ ಇಲ್ಲ. ಅಕ್ಕ, ನೀವು ಆ ಚೀಟಿಯ ದಾರಿಯಲ್ಲೇ ಹೋಗಿ.

ಬೂದುಪ್ರಿಯೆ:

ಅಷ್ಟು ಬೇಗ ತೀರ್ಮಾನ ಬೇಡ ಅಣ್ಣ. ತಾಯಿಯ ಚಿತ್ರ ಅಂದಾಗ ನನಗೆ ಮೊದಲು ನೆನಪಾಗುವುದು ಫ್ರಾನ್ಸಿನ ಜಾರ್ಜ್ ಸೆರಾ 1882–83ರಲ್ಲಿ ಬಿಡಿಸಿದ ತನ್ನ ಅಮ್ಮನ ಚಿತ್ರ. ಅಮ್ಮ ತಲೆ ಬಗ್ಗಿಸಿ ಕಸೂತಿ ಹಾಕುತ್ತಿದ್ದಾಳೆ. ಇಡೀ ಚಿತ್ರದಲ್ಲಿ ಗೆರೆ ಅನ್ನುವುದೇ ಇಲ್ಲ. ಕೋಂಟೆ ಅನ್ನುವ, ಇದ್ದಿಲಿನಂಥ ಗಟ್ಟಿ ಕಪ್ಪು ಕಡ್ಡಿಯನ್ನು ತರಿತರಿ ಕಾಗದದ ಮೇಲೆ ಆಡಿಸಿದ್ದಾನೆ. ಕಾಗದದ ಉಬ್ಬಿಗೆ ಕಪ್ಪು ಹತ್ತುತ್ತದೆ, ತಗ್ಗಿನಲ್ಲಿ ಬಿಳಿ ಉಳಿಯುತ್ತದೆ. ಆ ಸಣ್ಣ ಸಣ್ಣ ಬಿಳಿಯಿಂದಾಗಿ ಕತ್ತಲೊಳಗೂ ಗಾಳಿ ಆಡುತ್ತದೆ. ಮುಖದ ವಿವರ ಕೇಳಿದರೆ ಹೇಳುವುದಕ್ಕಾಗುವುದಿಲ್ಲ. ಆದರೆ ಆ ಮನೆಯ ಸಂಜೆಯ ಮೌನ ಹಾಗೇ ಕೂತಿದೆ.

ಆದ್ದರಿಂದ ನೆರಳಿನದ್ದೇ ತಪ್ಪು ಅಂತ ನನಗೆ ಅನಿಸುವುದಿಲ್ಲ. ಅಕ್ಕ, ನೀವು ಬೆರಳಲ್ಲಿ ತಿಕ್ಕಿದ್ದೀರಲ್ಲ, ತಗ್ಗಿನಲ್ಲಿದ್ದ ಬಿಳಿಯೆಲ್ಲ ಅಲ್ಲೇ ಮುಚ್ಚಿಹೋಗಿದೆ. ಚರ್ಮ ಮೇಣದ ಹಾಗೆ ಕಾಣುತ್ತಿರುವುದು ಅದಕ್ಕೇ. ಮುಂದಿನ ಸಲ ತಿಕ್ಕಬೇಡಿ. ಸ್ವಲ್ಪ ತರಿ ಇರುವ ಕಾಗದ ತಗೊಳ್ಳಿ.

ಕಲ್ಯಾಣದ ಓದುಗ:

ಚರ್ಚೆ ಚೆನ್ನಾಗಿದೆ. ಆದರೆ ಒಂದು ಮಾತು ಹೇಳಲೇಬೇಕು. ನಮ್ಮದು ಗೆರೆಯ ಪರಂಪರೆ. ಮನೆ ಮುಂದಿನ ರಂಗೋಲಿ ಗೆರೆ. ಮೈಸೂರು ಶೈಲಿಯ ಚಿತ್ರದಲ್ಲಿ ಮೊದಲ ಹೆಜ್ಜೆಯೇ ಹುಣಸೆ ಕಡ್ಡಿಯ ಇದ್ದಿಲಿನಿಂದ ಎಳೆಯುವ ಗೆರೆ. ಲೇಪಾಕ್ಷಿಯ ವೀರಭದ್ರ ದೇವಸ್ಥಾನದ ಛಾವಣಿ ನೋಡಿ, ವಿಜಯನಗರ ಕಾಲದ್ದು. ಕಪ್ಪು ಹೊರಗೆರೆ, ಒಳಗೆ ಸಪಾಟು ಬಣ್ಣ. ಶೇಡಿಂಗ್ ಎಲ್ಲ ಎಣ್ಣೆಬಣ್ಣದ ಜೊತೆ ಯುರೋಪಿನಿಂದ ಬಂದದ್ದು. ಅಜ್ಜಿಯ ಚಿತ್ರಕ್ಕೆ ಅದು ಒಗ್ಗದಿದ್ದರೆ ಆಶ್ಚರ್ಯ ಏನೂ ಇಲ್ಲ.

ಇದ್ದಿಲು ಕಡ್ಡಿ:

ಲೇಪಾಕ್ಷಿ ಬಗ್ಗೆ ನೀವು ಹೇಳಿದ್ದು ನಿಜ ಸರ್. ಆ ಛಾವಣಿಯ ಕೆಳಗೆ ಕತ್ತು ನೋಯುವ ತನಕ ನಿಂತವನು ನಾನು. ಆದರೆ ‘ಯುರೋಪಿನಿಂದ ಬಂದದ್ದು’ ಅನ್ನುವುದನ್ನು ಒಪ್ಪುವುದಕ್ಕಾಗುವುದಿಲ್ಲ.

ವಿಷ್ಣುಧರ್ಮೋತ್ತರ ಪುರಾಣದ ಮೂರನೇ ಖಂಡದಲ್ಲಿ ಚಿತ್ರಸೂತ್ರ ಅಂತ ಒಂದು ಭಾಗ ಇದೆ. ಅದರಲ್ಲಿ ಒಂದು ಶ್ಲೋಕ. ಆಚಾರ್ಯರು ಗೆರೆಯನ್ನು ಹೊಗಳುತ್ತಾರೆ, ಬಲ್ಲವರು ವರ್ತನವನ್ನು ಹೊಗಳುತ್ತಾರೆ, ಹೆಂಗಸರಿಗೆ ಒಡವೆ ಬೇಕು, ಉಳಿದ ಜನಕ್ಕೆ ಬಣ್ಣ ಢಾಳಾಗಿರಬೇಕು ಅಂತ ಅದರ ಅರ್ಥ. ಹೆಂಗಸರ ಬಗ್ಗೆ ಹೇಳಿದ ಮಾತು ಸುಳ್ಳು. ಈ ಪ್ರಶ್ನೆ ಕೇಳಿದವಳೂ ಹೆಣ್ಣುಮಗಳೇ, ಕೇಳಿದ್ದು ಗೆರೆ ಮತ್ತು ನೆರಳಿನ ಬಗ್ಗೆ. ಉಳಿದದ್ದನ್ನು ನೋಡಿ. ಗೆರೆಯ ಪಕ್ಕದಲ್ಲೇ ವರ್ತನ ಕೂತಿದೆ. ವರ್ತನ ಅಂದರೆ ಶೇಡಿಂಗೇ. ಅದರಲ್ಲಿ ಮೂರು ಬಗೆ ಹೇಳಿದ್ದಾರೆ. ಎಲೆಯ ನರದ ಹಾಗೆ ಗೆರೆ ಎಳೆದು ಮಾಡುವುದು ಪತ್ರಜ. ತೀರಾ ನವಿರಾಗಿ ಮಾಡುವುದು ಐರಿಕ. ಚುಕ್ಕಿ ಇಟ್ಟು ಮಾಡುವುದು ಬಿಂದುಜ. ಇವತ್ತು ಮಕ್ಕಳು ಪೆನ್ನಿನಲ್ಲಿ ಹ್ಯಾಚಿಂಗ್ ಅಂತ, ಡಾಟ್ ವರ್ಕ್ ಅಂತ ಮಾಡುತ್ತಾರಲ್ಲ, ಅದಕ್ಕೆ ನಮ್ಮಲ್ಲಿ ಆಗಲೇ ಹೆಸರಿತ್ತು.

ಅಜಂತಾದ 1ನೇ ಗುಹೆಯ ಗೋಡೆಯಲ್ಲಿರುವ ಬೋಧಿಸತ್ವ ಪದ್ಮಪಾಣಿಯ ಚಿತ್ರವನ್ನು ನೋಡಿ. ಮೂಗಿನ ದಿಂಡಿನ ಮೇಲೆ ಬೆಳಕು, ಕೆನ್ನೆ ಇಳಿಯುವ ಕಡೆ ಮೆಲ್ಲಗೆ ಕಂದು. ಆದರೆ ಒಂದು ವಿಷಯದಲ್ಲಿ ನೀವು ಅರ್ಧ ಸರಿ. ಅಲ್ಲಿ ದೀಪ ಯಾವ ಕಡೆ ಇದೆ ಅಂತ ಹುಡುಕಿದರೆ ಸಿಗುವುದಿಲ್ಲ. ಆಳಿನ ನೆರಳು ನೆಲದ ಮೇಲೆ ಬಿದ್ದಿಲ್ಲ. ಆ ನೆರಳು ಹೊತ್ತು ಹೇಳುವುದಿಲ್ಲ, ಮೈ ದುಂಡಗಿದೆ ಅಂತ ಮಾತ್ರ ಹೇಳುತ್ತದೆ. ಒಂದೇ ಕಡೆಯಿಂದ ಬೆಳಕು, ಇನ್ನೊಂದು ಕಡೆ ಕತ್ತಲು, ಅದು ನಮ್ಮಲ್ಲಿ ಆಮೇಲಿನದ್ದು.

ಹೊರಗಿಂದ ಬಂದದ್ದು ಅಂದಾಗ ಎಲ್ಲರೂ ಪಶ್ಚಿಮಕ್ಕೇ ಮುಖ ಮಾಡುತ್ತಾರೆ. ಪೂರ್ವದ ಒಂದು ಕಥೆಯೂ ಇದೆ. ಜಪಾನಿನ ಯೊಕೊಯಾಮಾ ತೈಕಾನ್, ಹಿಶಿದಾ ಶುನ್ಸೊ ಅಂತ ಇಬ್ಬರು ಕಲಾವಿದರು. ಅವರ ದೇಶದಲ್ಲಿ ಗೆರೆಗೆ ದೇವರ ಸ್ಥಾನ. ಇವರು ಗೆರೆಯನ್ನೇ ಬಿಟ್ಟು ಬರೀ ಛಾಯೆಯಲ್ಲಿ ಮಂಜು, ಮಳೆ, ಬೆಟ್ಟ ಬಿಡಿಸತೊಡಗಿದರು. ವಿಮರ್ಶಕರು ಅದನ್ನು ಹೀಗಳೆದು ‘ಮೋರೋತಾಯ್’ ಅಂತ ಹೆಸರಿಟ್ಟರು. ಮಬ್ಬು ಮಬ್ಬಾದ ಶೈಲಿ ಅಂತ ಅರ್ಥ. 1903ರಲ್ಲಿ ಇಬ್ಬರೂ ಕಲ್ಕತ್ತಾಕ್ಕೆ ಬಂದರು. ಅವರು ಬ್ರಷ್ಷಿನಲ್ಲಿ ನೀರು ಆಡಿಸುವುದನ್ನು ಅಲ್ಲಿನ ಕಲಾವಿದ ಅವನೀಂದ್ರನಾಥ ಠಾಕೂರರು ಹತ್ತಿರದಿಂದ ನೋಡಿದರು. ಅಲ್ಲಿಂದ ಅವರ ವಾಶ್ ಪದ್ಧತಿ ಬೆಳೆಯಿತು. ಬಣ್ಣ ಹಚ್ಚುವುದು, ಕಾಗದವನ್ನೇ ನೀರಿನಲ್ಲಿ ನೆನೆಸುವುದು, ಒಣಗಿಸುವುದು, ಮತ್ತೆ ಹಚ್ಚುವುದು. ಆ ಅವನೀಂದ್ರನಾಥರ ಹತ್ತಿರ ಕಲಿತವರು ಮೈಸೂರಿನ ಚಿತ್ರಗಾರ ಮನೆತನದ ಕೆ. ವೆಂಕಟಪ್ಪ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿ ಇದೆಯಲ್ಲ, ಅವರೇ. ಅವರ ಊಟಿ ಚಿತ್ರಗಳಲ್ಲಿ ಮಂಜು ಎಲ್ಲಿ ಮುಗಿಯಿತು, ಬೆಟ್ಟ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸುವುದಕ್ಕಾಗುವುದಿಲ್ಲ. ಗೆರೆಯ ಮನೆತನದಲ್ಲಿ ಹುಟ್ಟಿದವರು ಅವರು. ಗೆರೆ ಗೊತ್ತಿದ್ದೂ ಎಲ್ಲಿ ಅದನ್ನು ಬಿಡಬೇಕು ಅಂತ ಕಲಿತರು.

ಕಲ್ಯಾಣದ ಓದುಗ:

ವರ್ತನದ ವಿಷಯ ಒಪ್ಪಿದೆ ಮೇಷ್ಟ್ರೇ, ಕಲಿತ ಹಾಗಾಯಿತು. ನಮ್ಮ ಕಲ್ಯಾಣದಿಂದಲೇ ಆಳಿದ ಚಾಲುಕ್ಯರ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲೂ ಚಿತ್ರದ ಭಾಗ ಇದೆ. ಎಮ್ಮೆಯ ಚರ್ಮ ಕುದಿಸಿ ವಜ್ರಲೇಪ ಅನ್ನುವ ಅಂಟು ಮಾಡುವುದನ್ನೂ ಅಲ್ಲಿ ಹೇಳಿದ್ದಾನೆ. ರಾಜನಾದವನು ಗೋಡೆ ಹದ ಮಾಡುವ ತನಕ ಬರೆದಿದ್ದಾನಲ್ಲ ಅಂತ ನನಗೆ ಯಾವಾಗಲೂ ಖುಷಿ.

ಆದರೂ ನನ್ನ ಮನಸ್ಸು ಗೆರೆಯ ಕಡೆಗೇ. ಹೋದವರನ್ನು ನೆನೆಯುವಾಗ ಕಮ್ಮಿ ಹೇಳಿದಷ್ಟೂ ಒಳ್ಳೆಯದು ಅನಿಸುತ್ತದೆ.

ಸ್ಪ್ರೇ ನದಿ ದಂಡೆ:

ನಾನು ಬರ್ಲಿನ್‌ನಲ್ಲಿರುವ ಕನ್ನಡತಿ. ಪ್ರಿಂಟ್‌ಮೇಕಿಂಗ್ ನನ್ನ ಕೆಲಸ. ಹೋದವರನ್ನು ನೆನೆಯುವ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಇಲ್ಲಿ ಕೇಥೆ ಕೋಲ್ವಿಟ್ಸ್ ಅಂತ ಒಬ್ಬ ಕಲಾವಿದೆ ಇದ್ದರು. 1867ರಲ್ಲಿ ಹುಟ್ಟಿದವರು. ಗಂಡ ಡಾಕ್ಟರು, ಬರ್ಲಿನ್ನಿನ ಬಡವರ ಕೇರಿಯಲ್ಲಿ ಚಿಕಿತ್ಸೆ ಮಾಡುತ್ತಿದ್ದರು. ಆ ಮನೆಗೆ ಬರುವ ತಾಯಂದಿರನ್ನೇ ಇವರು ದಿನಾ ನೋಡುತ್ತಿದ್ದದ್ದು. ಸತ್ತ ಮಗುವನ್ನು ತಬ್ಬಿಕೊಂಡ ತಾಯಿಯ ಒಂದು ಎಚಿಂಗ್, ಅಂದರೆ ಲೋಹದ ತಗಡನ್ನು ಆಸಿಡ್‌ನಲ್ಲಿ ಕೊರೆಸಿ ತೆಗೆಯುವ ಅಚ್ಚು, 1903ರಲ್ಲಿ ಮಾಡಿದರು. ಕನ್ನಡಿ ಮುಂದೆ ಕೂತು, ತಮ್ಮ ಏಳು ವರ್ಷದ ಮಗ ಪೀಟರ್‌ನನ್ನು ತೊಡೆ ಮೇಲೆ ಮಲಗಿಸಿಕೊಂಡು ಬಿಡಿಸಿದ್ದು. ಅದರಲ್ಲಿ ಎಲ್ಲೆಲ್ಲೂ ಛಾಯೆ. ತಾಯಿಯ ಮೊಣಕಾಲು, ತೋಳು ಬಂಡೆಯ ಹಾಗೆ ಉಬ್ಬಿವೆ. ಮಗುವಿನ ಎದೆಗೆ ಮೂಗು ಒತ್ತಿದ್ದಾಳೆ. ಬೂದು ಬಣ್ಣದ ಎಷ್ಟೆಷ್ಟೋ ಮೆಟ್ಟಿಲು ಇಳಿದು ಇಳಿದು ಕಣ್ಣು ಅಲ್ಲಿಗೆ ಹೋಗಿ ನಿಲ್ಲುತ್ತದೆ.

1914ರ ಅಕ್ಟೋಬರಿನಲ್ಲಿ ಅದೇ ಪೀಟರ್ ಯುದ್ಧದಲ್ಲಿ ತೀರಿಕೊಂಡ. ಹದಿನೆಂಟು ವರ್ಷ.

ಆಮೇಲೆ ಆ ತಾಯಿಯ ಕೈ ಬದಲಾಯಿತು. 1920ರ ಸುಮಾರಿಗೆ, ಕೊಲೆಯಾದ ಎಡಪಂಥೀಯ ನಾಯಕ ಕಾರ್ಲ್ ಲೀಬ್‌ಕ್ನೆಕ್ಟ್‌ನ ನೆನಪಿಗೆ ಒಂದು ಚಿತ್ರ ಮಾಡುತ್ತಿದ್ದರು. ಮೊದಲು ಎಚಿಂಗ್ ಮಾಡಿದರು, ಸಮಾಧಾನ ಆಗಲಿಲ್ಲ. ಕಲ್ಲಚ್ಚಿನಲ್ಲಿ ಮಾಡಿದರು, ಆಗಲೂ ಇಲ್ಲ. ಆಗ ಅರ್ನ್ಸ್ಟ್ ಬಾರ್ಲಾಖ್ ಅನ್ನುವ ಶಿಲ್ಪಿಯ ಮರದಚ್ಚುಗಳನ್ನು ನೋಡಿದರು. ತಾವೂ ಮರಕ್ಕೆ ಉಳಿ ಹಾಕಿದರು. ಆಗ ಬಂತು.

ಇದನ್ನು ಅಚ್ಚು ಹಾಕುವವಳಾಗಿ ಹೇಳುತ್ತೇನೆ. ತಾಮ್ರದ ತಗಡಿನಲ್ಲಿ ಬೇಕಾದಷ್ಟು ಬೂದು ಸಿಗುತ್ತದೆ. ಆಸಿಡ್‌ನಲ್ಲಿ ಇನ್ನೊಂದು ನಿಮಿಷ ಬಿಟ್ಟರೆ ಇನ್ನೊಂದು ಬೂದು. ಮರದಲ್ಲಿ ಹಾಗಲ್ಲ. ಉಳಿ ಹೋದ ಕಡೆ ಬಿಳಿ, ಹೋಗದ ಕಡೆ ಕಪ್ಪು. ನಡುವೆ ಏನೂ ಇಲ್ಲ. 1921–22ರಲ್ಲಿ ಅವರು ‘ಯುದ್ಧ’ ಅಂತ ಏಳು ಮರದಚ್ಚು ಮಾಡಿದರು. ಅದರಲ್ಲಿ ‘ತಂದೆ ತಾಯಿ’ ಅನ್ನುವುದು ಒಂದು. ಮಂಡಿಯೂರಿದ ಇಬ್ಬರು ಒಂದೇ ಕಪ್ಪು ಗುಡ್ಡೆಯಾಗಿದ್ದಾರೆ. ಅಪ್ಪ ಒಂದು ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಾನೆ. ಅಮ್ಮನ ಮುಖವೂ ಕಾಣುವುದಿಲ್ಲ. ಕಪ್ಪಿನ ನಡುವೆ ಒಂದಷ್ಟು ಬಿಳಿ ಗೀರು.

ಮಗುವಿನ ಸಾವನ್ನು ಊಹಿಸಿಕೊಂಡಾಗ ಅವರಿಗೆ ಅಷ್ಟೊಂದು ಬೂದು ಬೇಕಿತ್ತು. ಮಗ ನಿಜವಾಗಿ ಹೋದ ಮೇಲೆ ಬೂದೇ ಬೇಡವಾಯಿತು. ಹೀಗೆ ಅಂತ ಅವರು ಹೇಳಿದ್ದಲ್ಲ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅನಿಸಿದ್ದು.

ಅಕ್ಕ, ನೀವು ಪೆನ್ಸಿಲ್ ಹಿಡಿಯುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಈ ಚಿತ್ರಕ್ಕೆ ಎಷ್ಟು ಬೂದು ಬೇಕು? ಎರಡಾ, ಮೂರಾ, ಹತ್ತಾ? ಪೆಟ್ಟಿಗೆಯಲ್ಲಿ ಎಷ್ಟು ಪೆನ್ಸಿಲ್ ಇದೆ ಅನ್ನುವುದು ಅದನ್ನು ನಿರ್ಧರಿಸಬಾರದು ಅಲ್ವಾ?

ತಾಮ್ರದ ತಗಡು:

ಮೇಲಿನದನ್ನು ಓದಿ ಮನಸ್ಸು ಭಾರ ಆಯಿತು. ಚಿಕ್ಕದೊಂದು ಸೇರಿಸುತ್ತೇನೆ. ಗೆರೆ ಬೇರೆ, ನೆರಳು ಬೇರೆ ಅಂತ ಪೂರ್ತಿ ಬಿಡಿಸಿಡುವುದಕ್ಕೆ ಆಗುವುದಿಲ್ಲ. ಡಚ್ ಕಲಾವಿದ ರೆಂಬ್ರಾಂಟ್ 1653ರಲ್ಲಿ ಮೂರು ಶಿಲುಬೆಗಳ ಒಂದು ಡ್ರೈಪಾಯಿಂಟ್ ಅಚ್ಚು ಮಾಡಿದ. ತಗಡಿನ ಮೇಲೆ ಸೂಜಿಯಲ್ಲಿ ಗೀರಿದ್ದು. ಕೆಲವು ವರ್ಷ ಬಿಟ್ಟು ಅದೇ ತಗಡನ್ನು ತೆಗೆದು ಮೇಲಿಂದ ಕೆಳಗೆ ಗೀರಿದ, ಗೀರಿದ, ಗೀರಿದ. ಚಿತ್ರದಲ್ಲಿದ್ದ ಜನರೆಲ್ಲ ಆ ಗೆರೆಗಳೊಳಗೆ ಮುಳುಗಿಹೋದರು. ಹತ್ತಿರ ಹೋದರೆ ಗೆರೆ, ದೂರ ನಿಂತರೆ ಕತ್ತಲು.

ಸಾಗರದ ಸೊಸೆ:

ಹತ್ತಿರ ಗೆರೆ, ದೂರ ಕತ್ತಲು ಅಂದದ್ದಕ್ಕೆ ನಾನೂ ಒಂದು ಹೇಳಬೇಕು. ನಮ್ಮದು ದೀವರ ಮನೆ. ಮದುವೆಗೆ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುತ್ತೇವೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದು ಮಾಡಿದ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಶೇಡಿಂಗ್ ಅನ್ನುವುದೇ ಇಲ್ಲ. ಎಲ್ಲಾ ಎಳೆ.

ಆದರೆ ಎಳೆ ಒತ್ತೊತ್ತಾಗಿ ಬರೆದ ಕಡೆ ದೂರದಿಂದ ನೋಡಿದರೆ ಗೋಡೆಯ ಬಣ್ಣವೇ ಬೇರೆ ಕಾಣುತ್ತದೆ. ಕೆಂಪು ತೆಳುವಾಗುತ್ತದೆ. ಬಿಡಿ ಬಿಡಿ ಬರೆದ ಕಡೆ ಕೆಂಪು ಗಾಢ. ನಮ್ಮ ಅತ್ತೆ ಬರೆಯುವಾಗ ಆಗಾಗ ಎದ್ದು ಬಾಗಿಲ ತನಕ ಹಿಂದೆ ಹೋಗಿ ನೋಡಿ ಬರುತ್ತಿದ್ದರು. ಯಾಕೆ ಅಂತ ಕೇಳಿದರೆ ‘ಎಲ್ಲಿ ಭಾರ ಆಗ್ಯದೆ ನೋಡ್ಬೇಕಲ್ಲೇ’ ಅನ್ನುತ್ತಿದ್ದರು. ಆಗ ನನಗೆ ಆ ಮಾತು ಅರ್ಥ ಆಗಿರಲಿಲ್ಲ. ಮೇಷ್ಟ್ರು ಕಣ್ಣು ಅರ್ಧ ಮುಚ್ಚಿ ನೋಡು ಅಂದರಲ್ಲ, ಅತ್ತೆ ಮಾಡುತ್ತಿದ್ದದ್ದೂ ಅದೇ ಇರಬೇಕು.

ಇದ್ದಿಲು ಕಡ್ಡಿ:

ಅದೇ ತಾಯಿ, ಅದೇ. ನಿಮ್ಮ ಅತ್ತೆಗೆ ನನ್ನ ನಮಸ್ಕಾರ ತಿಳಿಸಿ.

ಮಗಳೇ, ಇಷ್ಟೆಲ್ಲ ಓದಿದ ಮೇಲೆ ಇನ್ನೊಂದು ಸಣ್ಣ ಕೆಲಸ ಮಾಡಿ ನೋಡು. ಒಂದೇ 4ಬಿ ಪೆನ್ಸಿಲ್‌ನಲ್ಲಿ ಎರಡು ಚೌಕ ತುಂಬು, ಎರಡೂ ಒಂದೇ ಬೂದು. ಒಂದರ ಸುತ್ತ ಕಾಗದ ಬಿಳಿಯಾಗಿರಲಿ. ಇನ್ನೊಂದರ ಸುತ್ತ ಇದ್ದಿಲಿನಿಂದ ಕಪ್ಪು ಮಾಡು. ಕಪ್ಪಿನೊಳಗಿನ ಬೂದು ಬೆಳಗಿದ ಹಾಗೆ ಕಾಣುತ್ತದೆ. ಅಜ್ಜಿಯ ಕೈ ಬೆಳಗಬೇಕು ಅಂತಿದ್ದರೆ ಕೈಯನ್ನು ಇನ್ನೂ ಬಿಳಿ ಮಾಡುವುದಕ್ಕೆ ಹೋಗಬೇಡ. ಕೈಯ ಹಿಂದೆ ಏನಿದೆ ಅಂತ ಯೋಚನೆ ಮಾಡು.

ಆ ಫೋಟೊ ಬಿಟ್ಟುಬಿಡು. ಫ್ಲ್ಯಾಶ್ ತಿಂದದ್ದನ್ನು ಪೆನ್ಸಿಲ್ ವಾಪಸ್ ತರುವುದಿಲ್ಲ.

ತುಂಗಾತೀರದ ಪೆನ್ಸಿಲ್:

ಹತ್ತು ದಿನ ಆಯಿತು, ಉತ್ತರ ಕೊಡುವುದಕ್ಕೆ ತಡ ಆಯಿತು. ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಕೋಲ್ವಿಟ್ಸ್ ಬಗ್ಗೆ ಓದಿದ ರಾತ್ರಿ ಏನೂ ಬಿಡಿಸಲಿಲ್ಲ, ಸುಮ್ನೆ ಕೂತಿದ್ದೆ.

ಫೋಟೊ ಒಳಗಿಟ್ಟೆ. ಅಮ್ಮನನ್ನು ಸಂಜೆ ಐದೂವರೆಗೆ ಹಿತ್ತಲ ಬಾಗಿಲಲ್ಲಿ, ಅಜ್ಜಿ ಕೂರುತ್ತಿದ್ದ ಜಾಗದಲ್ಲೇ, ಮೆಟ್ಟುಗತ್ತಿ ಇಟ್ಟು ಕೂರಿಸಿದೆ. ಬೆಳಕು ಎಡಗಡೆಯಿಂದ ಮಾತ್ರ. ಇದ್ದಿಲು ಮತ್ತು ತರಿ ಕಾಗದ. ಎಷ್ಟು ಬೂದು ಅಂತ ಕೇಳಿಕೊಂಡೆ, ಮೂರು ಸಾಕು ಅನಿಸಿತು. ಮೂರನೆಯದು ಕಾಗದದ್ದೇ ಬಿಳಿ.

ಬೆಳಕು ಬೀಳುವ ಕಡೆ ಬೆನ್ನಿಗೆ ಗೆರೆಯನ್ನೇ ಎಳೆಯಲಿಲ್ಲ. ಬಾಗಿಲಾಚೆಯ ಕತ್ತಲು ಹಚ್ಚಿದೆ, ಬೆನ್ನು ತಾನಾಗಿ ಬಂತು. ಅತಿ ಕಪ್ಪು ಒಂದೇ ಕಡೆ: ಅಂಗೈ ಮತ್ತು ಕತ್ತಿಯ ನಡುವೆ. ಅಜ್ಜಿ ಅಡಿಕೆಯನ್ನು ಕತ್ತಿಗೆ ಒತ್ತುವಾಗ ಹೆಬ್ಬೆರಳು ಸ್ವಲ್ಪ ಸೊಟ್ಟ ಆಗುತ್ತಿತ್ತು. ಅಲ್ಲಿ ಮಾತ್ರ ಗೆರೆ ಒತ್ತಿ ಎಳೆದೆ. ಮುಖಕ್ಕೆ ಕಣ್ಣು ಮೂಗು ಇಡಲಿಲ್ಲ. ನಾಲ್ಕು ಸಂಜೆಯಲ್ಲಿ ಮುಗಿಯಿತು, ದಿನಾ ಅರ್ಧ ಗಂಟೆ, ಬೆಳಕು ಇರುವಷ್ಟು ಹೊತ್ತು.

ನಿನ್ನೆ ಅಮ್ಮನಿಗೆ ತೋರಿಸಿದೆ. ಮೊದಲು ಏನೂ ಹೇಳಲಿಲ್ಲ. ಆಮೇಲೆ ಬೆರಳಿಟ್ಟು, ‘ಅಡಿಕೆ ಸುಲಿವಾಗ ಅವರು ಸೆರಗು ಹೀಗೆ ಬ್ಯಾರೆ ಕಡೆ ಬಿಡ್ತಿರ್ಲಿಲ್ಲ, ಸೊಂಟಕ್ಕೆ ಸಿಕ್ಕಿಸ್ಕೊಳ್ತಿದ್ರು. ಬೈತಾರೆ ನೋಡು’ ಅಂದರು.

ಸೆರಗು ತಿದ್ದಬೇಕು. ಇದ್ದಿಲನ್ನು ಕಾಗದಕ್ಕೆ ಗಾಯ ಆಗದ ಹಾಗೆ ಮೆಲ್ಲಗೆ ಎತ್ತುವುದು ಹೇಗೆ ಅಂತ ಯಾರಾದರೂ ಹೇಳುತ್ತೀರಾ? ಸಾದಾ ರಬ್ಬರ್ ಹಾಕುವುದಕ್ಕೆ ಭಯ ಆಗುತ್ತಿದೆ.

ಬೂದುಪ್ರಿಯೆ:

ರಬ್ಬರ್ ಬೇಡ ಅಕ್ಕ. ಚಪಾತಿಗೆ ಕಲಸಿದ ಗೋಧಿ ಹಿಟ್ಟನ್ನು ಗಟ್ಟಿಯಾಗಿ ಉಂಡೆ ಮಾಡಿ, ಒತ್ತಿ ಒತ್ತಿ ಎತ್ತಿ. ಉಜ್ಜಬೇಡಿ. ಎಣ್ಣೆ ಮಾತ್ರ ಸೇರಿಸಿರಬಾರದು.